ಬಿಡಿಸಿ ಬರೆಯಿರಿ: ಹೊಲಗೇರಿ

ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಈ ಕೆಳಗಿನ ಪದಗಳನ್ನು ಬಿಡಿಸಿ ಬರೆದು ಸಮಾಸ ಹೆಸರಿಸಿ. ಮಳೆಗಾಲ, ಮುಕ್ಕಣ್ಣ, ಹೆಬ್ಬಾಗಿಲು, ಗಿಡಮರ. ವರ್ಷ ವರ್ಷವೂ ಹೆಚ್ಚುಕಡಿಮೆ ಇವೇ. ಹೊಲಗೇರಿ ಎಂಬ ಪದವನ್ನು ಬಿಡಿಸಿ ಬರೆಯಿರಿ ಅಂತ ಕೇಳಿದ ಪ್ರಶ್ನೆಪತ್ರಿಕೆಯನ್ನು ನಾನಂತೂ ನೋಡಿಲ್ಲ. ವ್ಯಾಕರಣದ ಲೆಕ್ಕದಲ್ಲಿ ಮಳೆಗಾಲಕ್ಕೂ ಹೊಲಗೇರಿಗೂ ದೊಡ್ಡ ವ್ಯತ್ಯಾಸವಿಲ್ಲ. ಅಲ್ಲಿ ಕಾಲ ಗಾಲವಾಗಿದೆ, ಇಲ್ಲಿ ಕೇರಿ ಗೇರಿಯಾಗಿದೆ. ಎರಡೂ ಆದೇಶಸಂಧಿ, ಎರಡೂ ತತ್ಪುರುಷ. ಆದರೆ ಬಿಡಿಸಲು ಕೂತರೆ ಪೆನ್ನು ನಿಲ್ಲುತ್ತದೆ. ಮೊದಲ ಭಾಗ ಯಾವುದು? ಹೊಲವೋ, ಹೊಲೆಯೋ, ಹೊಲೆಯನೋ?

ಈ ಪದಕ್ಕೆ ಎರಡು ವ್ಯುತ್ಪತ್ತಿಗಳು ಬಹಳ ಕಾಲದಿಂದ ಓಡಾಡುತ್ತಿವೆ. ಹೊಲೆ ಅಂದರೆ ಮೈಲಿಗೆ, ಸೂತಕ. ಆ ಮೈಲಿಗೆಯವನು ಹೊಲೆಯ ಅನ್ನುವುದು ಒಂದು. ಹೊಲದಲ್ಲಿ ದುಡಿಯುವವನು, ಹೊಲದ ಮೂಲ ಒಡೆಯ, ಆದ್ದರಿಂದ ಹೊಲೆಯ ಅನ್ನುವುದು ಇನ್ನೊಂದು. ಭಾಷಾಶಾಸ್ತ್ರದ ಪಂಡಿತರು ಎರಡನೆಯದನ್ನು ಜನಪದ ನಿರುಕ್ತಿ ಅಂತ ನಕ್ಕು ತಳ್ಳಿಹಾಕಬಹುದು. ಹಳಗನ್ನಡದ ಪೊಲೆ ಬೇರೆ, ಪೊಲ ಬೇರೆ ಎಂದು ಕೋಶ ತೆರೆದು ತೋರಿಸಬಹುದು. ತೋರಿಸಲಿ. ಆದರೆ ಇಲ್ಲಿ ನಾನು ಎತ್ತಬೇಕೆಂದಿರುವ ಪ್ರಶ್ನೆ ಪದದ ಮೂಲದ್ದಲ್ಲ. ಕೇಳುವವನ ಕಿವಿಗೆ ಬಿದ್ದ ಆ ಕ್ಷಣದಲ್ಲಿ ಪದ ಎಲ್ಲಿ ಒಡೆಯುತ್ತದೆ, ಅಥವಾ ಒಡೆಯದೆ ಇಡಿಯಾಗಿ ಒಳಗೆ ಹೋಗುತ್ತದೆಯೆ ಎಂಬುದು ನನ್ನ ಪ್ರಶ್ನೆ. ನಮ್ಮ ಸಾಹಿತ್ಯ ವಿಮರ್ಶೆ ಪದಕ್ಕೆ ಅರ್ಥವೇನು ಎಂದು ಕೇಳಿದೆ, ಬರೆದವನ ಆಶಯವೇನು ಎಂದು ಕೇಳಿದೆ. ಕೇಳಿಸಿಕೊಂಡವರು ಯಾರು, ಅವರು ನಿಂತದ್ದು ಎಲ್ಲಿ ಅಂತ ಕೇಳಿದ್ದು ಕಡಿಮೆ.

ಈ ಪ್ರಶ್ನೆಯನ್ನು ಪಶ್ಚಿಮದ ಮನೋಭಾಷಾವಿಜ್ಞಾನ ಬೇರೊಂದು ಕಡೆಯಿಂದ ಹಿಡಿದುಕೊಂಡಿದೆ. ಹಲವು ತುಂಡುಗಳಿಂದಾದ ಪದವನ್ನು ಮನಸ್ಸು ಹೇಗೆ ಅರಗಿಸಿಕೊಳ್ಳುತ್ತದೆ? 1975ರಲ್ಲಿ ಟ್ಯಾಫ್ಟ್ ಮತ್ತು ಫಾರ್‌ಸ್ಟರ್ ಎಂಬ ಇಬ್ಬರು, ಪದದ ಮುಂದಿನ ಪ್ರತ್ಯಯವನ್ನು ಕಳಚಿ ಒಳಗಿನ ಬೇರನ್ನು ಹುಡುಕುತ್ತದೆ ಎಂದರು. 1983ರಲ್ಲಿ ಬಟರ್‌ವರ್ತ್ ಎಂಬಾತ, ಹಾಗೇನಿಲ್ಲ, ಪದಗಳೆಲ್ಲ ಇಡಿಯಾಗಿಯೇ ಮನಸ್ಸಿನ ಉಗ್ರಾಣದಲ್ಲಿ ಇರುತ್ತವೆ ಎಂದ. ಈ ಜಗಳಕ್ಕೆ ಕಿವಿಯನ್ನು ಸಾಕ್ಷಿಯಾಗಿ ತಂದದ್ದು ಮಾರ್ಸ್ಲೆನ್-ವಿಲ್ಸನ್, ಟೈಲರ್ ಮತ್ತು ಅವರ ಜೊತೆಗಾರರು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಕೇಳುಗನ ಕಿವಿಗೆ ಒಂದು ಪದ ಹಾಕುತ್ತಾರೆ. ಅದು ಮುಗಿದ ಕೂಡಲೇ ಎದುರಿನ ಪರದೆ ಮೇಲೆ ಇನ್ನೊಂದು ಪದ ಮೂಡುತ್ತದೆ. ಅದು ನಿಜವಾದ ಪದ ಹೌದೋ ಅಲ್ಲವೋ ಎಂದು ಗುಂಡಿ ಒತ್ತಬೇಕು. ಕೇಳಿದ ಪದದೊಳಗೆ ನೋಡಿದ ಪದ ಆಗಲೇ ಎಚ್ಚರಗೊಂಡಿದ್ದರೆ ಕೈ ಬೇಗ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಅವರು ಕಂಡುಕೊಂಡದ್ದು ಇಷ್ಟು: ತುಂಡುಗಳ ಅರ್ಥ ಇಡೀ ಪದದ ಅರ್ಥದಲ್ಲಿ ಕಾಣುವಂತಿದ್ದರೆ ಕೇಳುಗ ಪದವನ್ನು ಒಡೆಯುತ್ತಾನೆ. ಪನಿಷ್‌ಮೆಂಟ್ ಎಂದರೆ ಪನಿಷ್ ಎಚ್ಚರಗೊಳ್ಳುತ್ತದೆ. ಅಪಾರ್ಟ್‌ಮೆಂಟ್ ಎಂದರೆ ಅಪಾರ್ಟ್ ಅಲ್ಲಾಡುವುದಿಲ್ಲ. ಅಲ್ಲಿ ಅರ್ಥದ ನಂಟು ಕಡಿದುಹೋಗಿದೆ. ಮೊದಲನೆಯದನ್ನು ಪಾರದರ್ಶಕ ಅನ್ನುತ್ತಾರೆ, ಎರಡನೆಯದನ್ನು ಅಪಾರದರ್ಶಕ. ಅದೇ ವರ್ಷ ಜ್ವಿಟ್ಸರ್‌ಲೋಡ್ ಎಂಬಾಕೆ ಡಚ್ ಭಾಷೆಯ ಸಮಾಸಪದಗಳನ್ನಿಟ್ಟುಕೊಂಡು ನಡೆಸಿದ ಪ್ರಯೋಗದಲ್ಲೂ ಇದೇ ಜಾಡು: ಪೂರ್ತಿ ಮಬ್ಬಾದ ಸಮಾಸದಲ್ಲಿ ತುಂಡುಗಳ ಅರ್ಥ ಏಳುವುದಿಲ್ಲ, ಅರ್ಧ ಮಬ್ಬಾದದ್ದರಲ್ಲಿ ಏಳುತ್ತದೆ.

ಒಳ್ಳೆಯ ಕೆಲಸ. ಆದರೆ ಇದರೊಳಗೆ ಒಂದು ಸಣ್ಣ ವಿವರ ಇದೆ, ಅದರ ಮೇಲೆ ನನ್ನ ಕಣ್ಣು. ಒಂದು ಪದ ಪಾರದರ್ಶಕ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಪ್ರಯೋಗಕ್ಕೆ ಮೊದಲು ಒಂದಷ್ಟು ಜನರನ್ನು ಕೂರಿಸಿ, ಈ ಪದಕ್ಕೂ ಅದರ ತುಂಡಿಗೂ ಎಷ್ಟು ಸಂಬಂಧ ಇದೆ ಎಂದು ಅಂಕ ಹಾಕಿಸುತ್ತಾರೆ. ಬಂದ ಅಂಕಗಳ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯೇ ಪದದ ಗುಣವಾಗಿಬಿಡುತ್ತದೆ. ಅಪಾರ್ಟ್‌ಮೆಂಟಿಗೆ ಇದು ಸಾಕು, ಅದರ ಬಗ್ಗೆ ಯಾರೂ ಹೊಡೆದಾಡುವುದಿಲ್ಲ. ಊರೂ ಕೇರಿಯೂ ಬೇರೆಯಾಗಿರುವ ನಾಡಿನಲ್ಲಿ ಯಾರ ಯಾರ ಕಿವಿ ಸೇರಿಸಿ ಸರಾಸರಿ ತೆಗೆಯುತ್ತೀರಿ ಸ್ವಾಮಿ?

ಊರುಕೇರಿ ಎಂಬ ಪದವನ್ನೇ ತೆಗೆದುಕೊಳ್ಳಿ. ಮಾತಿನಲ್ಲಿ ಊರುಕೇರಿ ಅಂದರೆ ಇಡೀ ಊರು, ಸುತ್ತಮುತ್ತ, ನಾಲ್ಕು ಜನ. ‘ಊರುಕೇರಿ ಎಲ್ಲ ಗೊತ್ತಾಯ್ತು’ ಅನ್ನುವಾಗ ಆಡಿದವನ ಮನಸ್ಸಿನಲ್ಲಿ ಎರಡು ಜಾಗ ಇಲ್ಲ. ಪದ ಅವನಿಗೆ ಒಂದೇ ಗಂಟು. ಸಿದ್ದಲಿಂಗಯ್ಯ ತಮ್ಮ ಆತ್ಮಕಥನಕ್ಕೆ ಅದೇ ಹೆಸರಿಟ್ಟ ಮೇಲೆ ಆ ಗಂಟು ಬಿಚ್ಚಿತು. ಊರು ಒಂದು ಕಡೆ, ಕೇರಿ ಒಂದು ಕಡೆ, ನಡುವೆ ಒಂದು ದಾರಿ. ವ್ಯಾಕರಣ ಇದನ್ನು ಮೊದಲಿನಿಂದಲೂ ದ್ವಂದ್ವ ಸಮಾಸ ಅಂತಲೇ ಕರೆದಿದೆ, ಊರೂ ಕೇರಿಯೂ, ಎರಡೂ ಸಮಾನ. ಯಾವ ಊರಿನಲ್ಲಿ ಸಮಾನ? ಕವಿ ಹೊಸ ಪದವನ್ನೇನೂ ಕಟ್ಟಲಿಲ್ಲ. ಊರಿನವರ ಕಿವಿಯಲ್ಲಿ ಮಬ್ಬಾಗಿದ್ದ ಪದವನ್ನು ಕೇರಿಯ ಕಿವಿ ಕೇಳುವ ಹಾಗೆ ಒಡೆದು ತೋರಿಸಿದರು, ಅಷ್ಟೆ. ಈ ಅಷ್ಟೆ ಅನ್ನುವುದು ಸಣ್ಣ ಕೆಲಸವಲ್ಲ. ವಿಮರ್ಶಕರು ಆ ಪುಸ್ತಕದ ಹಾಸ್ಯದ ಬಗ್ಗೆ ಬೇಕಾದಷ್ಟು ಬರೆದರು, ಹೆಸರಿನ ಬಗ್ಗೆ ಬರೆದದ್ದು ನನಗೆ ಸಿಕ್ಕಿದ್ದು ಅಪರೂಪ.

ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ (1994) ಇನ್ನೂ ತೊಡಕಿನ ಪದ. ಮೀಸಲಾತಿ ಪಡೆದು ಓದಲು ಬಂದ ದಲಿತ ಹುಡುಗರನ್ನು ಹಂಗಿಸಲು ಬಳಸಿದ ಮಾತು ಅದು. ನಮ್ಮ ವ್ಯಾಕರಣದಲ್ಲಿ ಬಹುವ್ರೀಹಿ ಅಂತ ಒಂದು ಸಮಾಸ ಇದೆಯಲ್ಲ: ಸೇರಿದ ಎರಡು ಪದಗಳಲ್ಲಿ ಯಾವುದರ ಅರ್ಥವೂ ಮುಖ್ಯವಲ್ಲ, ಅಲ್ಲಿ ಇಲ್ಲದ ಮೂರನೆಯವನ ಅರ್ಥವೇ ಮುಖ್ಯ. ಮುಕ್ಕಣ್ಣ ಅಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಗೌರ್ಮೆಂಟ್ ಬ್ರಾಹ್ಮಣ ಅಂದರೆ ಗೌರ್ಮೆಂಟೂ ಅಲ್ಲ, ಬ್ರಾಹ್ಮಣನೂ ಅಲ್ಲ, ಹಾಸ್ಟೆಲಿನ ಮೂಲೆಯಲ್ಲಿ ಕೂತ ಹುಡುಗ. ಹೊರಗಿನವರು ಈ ಪದ ಕೇಳಿ ನಗುವುದು ಅದನ್ನು ಇಡಿಯಾಗಿ ಕೇಳುವುದರಿಂದ. ಹಂಗಿಸಿಕೊಂಡವನಿಗೆ ಎರಡೂ ತುಂಡು ಬೇರೆ ಬೇರೆಯಾಗಿ ಚುಚ್ಚುತ್ತವೆ. ಗೌರ್ಮೆಂಟ್ ಎಂದಾಗ ನಿನ್ನ ಓದು ನಿನ್ನದಲ್ಲ, ಸರ್ಕಾರದ ಭಿಕ್ಷೆ ಎಂಬುದು ಕೇಳಿಸುತ್ತದೆ. ಬ್ರಾಹ್ಮಣ ಎಂದಾಗ ನೀನು ಎಂದಿಗೂ ಆಗಲಾರದ್ದು ಕೇಳಿಸುತ್ತದೆ. ಮನೋವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಒಂದೇ ಪದ ಒಬ್ಬನಿಗೆ ಅಪಾರದರ್ಶಕ, ಇನ್ನೊಬ್ಬನಿಗೆ ಗಾಜಿನಷ್ಟು ಪಾರದರ್ಶಕ. ಇನ್ನೊಂದು ತಮಾಷೆ ಇದೆ. ಹದಿಮೂರನೇ ಶತಮಾನದ ಕೇಶಿರಾಜ ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಮಾಸ ಮಾಡಬಾರದೆಂದು, ಕೆಲವು ವಿನಾಯಿತಿಗಳನ್ನು ಕೊಟ್ಟು, ನಿಯಮ ಹೇಳಿದ. ಅಂಥ ಬೆರಕೆಗೆ ಹೆಸರು ಅರಿಸಮಾಸ. ಅರಿ ಅಂದರೆ ಶತ್ರು. ಪದಪದಗಳ ನಡುವೆಯೂ ಮಡಿ! ಇಂಗ್ಲಿಷಿನ ಗೌರ್ಮೆಂಟನ್ನು ಸಂಸ್ಕೃತದ ಬ್ರಾಹ್ಮಣನಿಗೆ ಕಟ್ಟಿದವರು ಮಡಿವಂತರೇ ಆಗಿದ್ದರೂ ಅವರಿಗೆ ಆ ನಿಯಮ ನೆನಪಾದಂತೆ ಕಾಣುವುದಿಲ್ಲ.

ಹರಿಜನ ಪದದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಆದರೆ ಅದನ್ನು ಕಿವಿಯ ಕಥೆಯಾಗಿ ಇನ್ನೊಮ್ಮೆ ನೋಡಬೇಕು. ಗಾಂಧೀಜಿ 1930ರ ದಶಕದಲ್ಲಿ ಈ ಪದವನ್ನು ಹರಡಿದಾಗ ಅವರ ನಂಬಿಕೆ ಇದ್ದದ್ದು ಪದದ ಪಾರದರ್ಶಕತೆಯ ಮೇಲೆ. ಹರಿ, ಜನ, ದೇವರ ಜನ. ಕೇಳಿದವರು ಹೀಗೆ ಒಡೆದು ಕೇಳುತ್ತಾರೆ, ಒಡೆದರೆ ಮನಸ್ಸು ಬದಲಾಗುತ್ತದೆ. 1938ರ ಜನವರಿಯಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ಪದವನ್ನು ಕಾಯ್ದೆಯೊಳಕ್ಕೆ ತರಲು ಹೊರಟಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಹೊರನಡೆದರು. ಆ ದಿನ ಬಿ.ಕೆ. ಗಾಯಕ್‌ವಾಡ್ ಎತ್ತಿದ ಪ್ರಶ್ನೆ ನನಗೆ ಬಹಳ ಇಷ್ಟ. ಅಸ್ಪೃಶ್ಯರು ದೇವರ ಜನ ಆದರೆ ಸ್ಪೃಶ್ಯರೇನು ರಾಕ್ಷಸರ ಜನವೇ ಎಂಬ ಅರ್ಥದಲ್ಲಿ ಅವರು ಕೇಳಿದರು. ಇದು ಬರೀ ಚಾಟಿ ಮಾತಲ್ಲ, ಕೇಳುಗನೊಬ್ಬ ಪದವನ್ನು ಹೇಗೆ ಬಿಡಿಸುತ್ತಾನೆ ಎಂಬುದರ ಪಾಠ. ಜನ ಎಂಬ ತುಂಡು ಎಲ್ಲರಿಗೂ ಸಾಮಾನ್ಯ. ಹಾಗಾದರೆ ಬೇರ್ಪಡಿಸುವ ಕೆಲಸ ಮಾಡುತ್ತಿರುವುದು ಹರಿ ಎಂಬ ತುಂಡು. ಯಾರಿಂದ ಬೇರ್ಪಡಿಸುತ್ತಿದೆ? ಈ ಲೆಕ್ಕವನ್ನು ಪದ ಕೊಟ್ಟವರು ಹಾಕಿರಲಿಲ್ಲ, ಪದ ಹೊರಬೇಕಾದವರು ಹಾಕಿದರು.

ಆಮೇಲೆ ಏನಾಯಿತು? ದೇವರೂ ಉಳಿಯಲಿಲ್ಲ. ಹರಿಜನ ಕೇರಿ, ಹರಿಜನ ಹಾಸ್ಟೆಲು, ಹರಿಜನರ ಬಾವಿ ಅಂತ ಹೇಳಿ ಹೇಳಿ ಪದ ಒಂದು ಗಟ್ಟಿ ಉಂಡೆಯಾಯಿತು. ಯಾರ ಕಿವಿಗೂ ಹರಿ ಕೇಳಿಸುವುದು ನಿಂತುಹೋಯಿತು, ಹಳೆಯ ಜಾತಿ ಹೆಸರಿನ ತೂಕವೆಲ್ಲ ಹೊಸದರ ಮೇಲೆ ಕೂತಿತು. ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬರೆಯಬೇಡಿ ಎಂದು ಕೇಂದ್ರ ಸರ್ಕಾರ 1982ರಲ್ಲಿ ರಾಜ್ಯಗಳಿಗೆ ತಿಳಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಪದ ಇವತ್ತು ಅವಮಾನಿಸಲು ಬಳಕೆಯಾಗುತ್ತಿದೆ ಎಂದಿತು. ಪದ ಬದಲಿಸಿದರೆ ಕಿವಿ ಬದಲಾಗುವುದಿಲ್ಲ. ಕಿವಿ ತನ್ನ ಹಳೆಯ ಅರ್ಥವನ್ನೇ ಹೊಸ ಪದಕ್ಕೆ ತುಂಬಿಕೊಳ್ಳುತ್ತದೆ. ಪೌರಕಾರ್ಮಿಕ ಪದವನ್ನೇ ನೋಡಿ. ಪೌರ ಅಂದರೆ ಪುರದವನು, ನಾಗರಿಕ. ಎಷ್ಟು ಘನವಾದ ಪದ! ಬೆಂಗಳೂರಿನ ಯಾವ ಬೀದಿಯಲ್ಲಾದರೂ ನಿಂತು ಪೌರಕಾರ್ಮಿಕ ಅನ್ನಿ, ಕೇಳಿದವನ ಕಣ್ಣ ಮುಂದೆ ಬರುವುದು ಪೊರಕೆ. ದೇವದಾಸಿಯಲ್ಲಿ ದೇವರು ಕೇಳಿಸುವುದು ಯಾರಿಗೆ? 1982ರ ಕರ್ನಾಟಕದ ನಿಷೇಧ ಕಾಯ್ದೆ ಆ ಪದವನ್ನು ಹೊತ್ತೇ ಬಂತು. ಜೀತ ಎಂದರೆ ಹಳೆಯ ಕನ್ನಡದಲ್ಲಿ ಸಂಬಳ, ಜೀವನಕ್ಕೆ ಕೊಡುವುದು. 1976ರ ಜೀತ ನಿರ್ಮೂಲನ ಕಾಯ್ದೆ ಬರುವ ಹೊತ್ತಿಗೆ ಜೀತದಾಳು ಪದದಲ್ಲಿ ಸಂಬಳದ ಸುಳಿವೂ ಉಳಿದಿರಲಿಲ್ಲ, ಆಳು ಮಾತ್ರ ಉಳಿದಿದ್ದ.

ಪರಿಶಿಷ್ಟ ಜಾತಿ ಎಂಬ ಸರ್ಕಾರಿ ಪದದಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆದಿದೆ. ಪರಿಶಿಷ್ಟ ಎಂದರೆ ಮಿಕ್ಕದ್ದು, ಪುಸ್ತಕದ ಕೊನೆಗೆ ಸೇರಿಸುವ ಅನುಬಂಧ. ಕಾನೂನಿನ ಹಿಂದೆ ಲಗತ್ತಿಸಿದ ಪಟ್ಟಿ ಎಂಬ ಅರ್ಥದಲ್ಲಿ ತಂದರು. ಕನ್ನಡದ ಕಿವಿಗೆ ಅದರಲ್ಲಿ ಕೇಳಿಸುವುದು ಶಿಷ್ಟ. ಶಿಷ್ಟಾಚಾರದ ಶಿಷ್ಟ, ಶಿಷ್ಟ ಸಾಹಿತ್ಯದ ಶಿಷ್ಟ. ಸಂಸ್ಕೃತದಲ್ಲಿ ಇವೆರಡೂ ಬೇರೆ ಬೇರೆ ಧಾತುವಿನಿಂದ ಬಂದವು: ಒಂದು ಉಳಿಯುವುದು, ಇನ್ನೊಂದು ಶಿಕ್ಷಣ ಪಡೆಯುವುದು. ಉಚ್ಚಾರ ಒಂದೇ. ಮಿಕ್ಕವರನ್ನೂ ತಿದ್ದಿಸಿಕೊಂಡವರನ್ನೂ ಒಂದೇ ಶಬ್ದದಲ್ಲಿ ಹೇಳುವ ಭಾಷೆ ಇದು! ಜನ ಈ ತೊಡಕಿಗೆ ತಲೆಕೆಡಿಸಿಕೊಳ್ಳದೆ ಎಸ್ಸಿ ಅಂದರು. ಎಸ್ಸಿ ಎಂಬುದನ್ನು ಯಾರೂ ಒಡೆಯಲಾರರು, ಅದರೊಳಗೆ ಅರ್ಥದ ತುಂಡುಗಳೇ ಇಲ್ಲ. ಹಾಗಾಗಿ ಬೈಯಲೂ ಸಲೀಸು, ಹೇಳಿಕೊಳ್ಳಲೂ ಸಲೀಸು.

ಈ ಚರ್ಚೆ ಬರೀ ಸಾಹಿತ್ಯದ ಅಂಗಳದ್ದಲ್ಲ. ಕೋರ್ಟಿನ ಕಟಕಟೆಗೂ ಹೋಗಿದೆ. 2008ರಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ, ಸ್ವರಣ್ ಸಿಂಗ್ ಪ್ರಕರಣ ಎಂದು ವಕೀಲರಿಗೆ ಗೊತ್ತಿರುವ ಅದರಲ್ಲಿ, ಚಮಾರ ಎಂದು ಕರೆದದ್ದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಚಮಾರ ಒಂದು ಕಾಲಕ್ಕೆ ಸಮಾಸಪದ: ಚರ್ಮ, ಕಾರ, ಚರ್ಮದ ಕೆಲಸ ಮಾಡುವವನು. ಪ್ರಾಕೃತದಲ್ಲಿ ಸವೆದು ಚಮ್ಮಾರ, ಇನ್ನೂ ಸವೆದು ಚಮಾರ. ಅದು ಬರೀ ಕಸುಬಿನ ಹೆಸರು ತಾನೇ ಅನ್ನುವ ವಾದಕ್ಕೆ ಈ ವ್ಯುತ್ಪತ್ತಿ ಬಹಳ ಅನುಕೂಲ. ನ್ಯಾಯಾಲಯ ಆ ದಾರಿ ಹಿಡಿಯಲಿಲ್ಲ. ಬಳಕೆಯಿಂದ ಪದಕ್ಕೆ ಬಂದಿರುವ ಜನಸಾಮಾನ್ಯರ ಅರ್ಥವನ್ನು ನೋಡಬೇಕೇ ಹೊರತು ವ್ಯುತ್ಪತ್ತಿಯ ಅರ್ಥವನ್ನಲ್ಲ, ಇಲ್ಲದಿದ್ದರೆ ಕಾಯ್ದೆಯ ಉದ್ದೇಶವೇ ಸೋಲುತ್ತದೆ ಎಂದಿತು. ನನ್ನ ದೃಷ್ಟಿಯಲ್ಲಿ ಇದು ಪದ ಗ್ರಹಿಕೆಯ ಬಗ್ಗೆ ನಮ್ಮ ದೇಶದಲ್ಲಿ ಬಂದಿರುವ ಮಹತ್ವದ ಮಾತುಗಳಲ್ಲೊಂದು. ಪ್ರಯೋಗಶಾಲೆ ಹೇಳುವುದನ್ನೇ ಕೋರ್ಟೂ ಹೇಳಿದೆ: ತುಂಡು ಸವೆದುಹೋದ ಪದವನ್ನು ಕೇಳುಗ ಇಡಿಯಾಗಿ ಕೇಳುತ್ತಾನೆ. ಬೈದವನು ಆಮೇಲೆ ನಿಘಂಟು ಹಿಡಿದುಕೊಂಡು ಬಂದರೆ ಆಗುವುದಿಲ್ಲ.

ಆದರೆ ಇದೇ ತೀರ್ಪಿನ ಬೆಳಕಿನಲ್ಲಿ ನಮ್ಮ ‘ಹೊಲದವನು ಹೊಲೆಯ’ ಎಂಬ ವ್ಯುತ್ಪತ್ತಿಯ ಗತಿ ಏನು ಅಂತ ಕೇಳಬಹುದು. ವ್ಯುತ್ಪತ್ತಿ ಅವರಿಗೆ ಬೇಡ, ನಮಗೆ ಮಾತ್ರ ಬೇಕೋ? ಎರಡೂ ಒಂದೇ ಅಲ್ಲ. ಬೈದವನು ವ್ಯುತ್ಪತ್ತಿ ಹೇಳುವುದು ಕೇಳಿದವನ ಕಿವಿಯನ್ನು ಸುಳ್ಳು ಮಾಡಲಿಕ್ಕೆ. ಬೈಸಿಕೊಂಡವನು ಹೇಳುವುದು ತನ್ನ ಕಿವಿಗೆ ಬಿದ್ದದ್ದನ್ನು ಬೇರೆ ಕಡೆ ಒಡೆದು ಬದುಕಲಿಕ್ಕೆ. ಮಾತಿನಲ್ಲಿ ಹೊಲೆಗೇರಿ ಹೊಲಗೇರಿಯಾದಾಗ ಆ ಅವಕಾಶ ತಾನಾಗಿ ತೆರೆದುಕೊಂಡಿದೆ. ಎಕಾರ ಬಿದ್ದುಹೋದ ಜಾಗದಲ್ಲಿ ಹೊಲ ಕಾಣಿಸಿಕೊಂಡಿದೆ. ಅದು ಚರಿತ್ರೆಯಾಗಿ ನಿಜವೋ ಸುಳ್ಳೋ, ಭೂಮಿ ಇಲ್ಲದವರ ಕಿವಿ ಆ ಪದದಲ್ಲಿ ಭೂಮಿಯನ್ನೇ ಹುಡುಕಿ ತೆಗೆದದ್ದಂತೂ ನಿಜ.

ಇನ್ನೊಂದು ಮಾತು. ಓದುವ ಕಣ್ಣಿಗೆ ಪದ ಒಟ್ಟಿಗೆ ಸಿಗುತ್ತದೆ, ಕಿವಿಗೆ ಅಕ್ಷರ ಅಕ್ಷರವಾಗಿ ಬರುತ್ತದೆ. ಪದ ಮುಗಿಯುವವರೆಗೆ ಕೇಳುಗ ಕಾಯುವುದಿಲ್ಲ; ಮೊದಲ ಧ್ವನಿಗಳಿಗೇ ಅವುಗಳಿಂದ ಶುರುವಾಗುವ ಹಲವು ಪದಗಳು ಒಟ್ಟಿಗೆ ತಲೆಯೆತ್ತುತ್ತವೆ, ಮುಂದಿನ ಧ್ವನಿ ಬಂದ ಹಾಗೆ ಒಂದೊಂದೇ ಮಲಗುತ್ತವೆ ಎಂದು ಮಾರ್ಸ್ಲೆನ್-ವಿಲ್ಸನ್ 1970ರ ದಶಕದ ಕೊನೆಯಿಂದ ವಾದಿಸುತ್ತ ಬಂದಿದ್ದಾರೆ. ಹೊಲ ಎಂದ ಕೂಡಲೇ ಹೊಲ, ಹೊಲಿಗೆ, ಹೊಲಸು, ಹೊಲೆಯ ಎಲ್ಲವೂ ಏಳುತ್ತವೆ ಅಂದುಕೊಳ್ಳಿ. ಮೇಷ್ಟ್ರು ಕ್ಲಾಸಿನಲ್ಲಿ ‘ಹೊಲ’ ಅಂತ ಶುರುಮಾಡಿ ‘ಹೊಲಿಗೆ ಯಂತ್ರ’ ಅಂತ ಮುಗಿಸುವವರೆಗಿನ ಆ ಅರೆಗಳಿಗೆಯಲ್ಲಿ ಮುಂದಿನ ಬೆಂಚಿನ ಹುಡುಗನಿಗೆ ಏನೂ ಆಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬನ ಬೆನ್ನು ಸೆಟೆದುಕೊಳ್ಳುತ್ತದೆ. ಯಾರೂ ಏನೂ ಅಂದಿಲ್ಲ. ಆದರೂ ಕಿವಿ ಪದವನ್ನು ಮುಗಿಸಿಬಿಟ್ಟಿದೆ. ದಲಿತ ಸಂವೇದನೆ ಅಂತ ನಾವು ದೊಡ್ಡ ದೊಡ್ಡದಾಗಿ ಬರೆಯುವುದರ ಒಂದು ತುಣುಕು ಈ ಅರೆಗಳಿಗೆಯಲ್ಲಿದೆ. ದೇವನೂರ ಮಹಾದೇವರ ಕುಸುಮಬಾಲೆ (1988) ಬಂದಾಗ ಅರ್ಥವಾಗುವುದಿಲ್ಲ ಎಂದು ದೂರಿದವರು ಬಹಳ ಮಂದಿ. ನಂಜನಗೂಡು ಸೀಮೆಯ ಮಾತಿನಲ್ಲಿ ಪದಗಳು ಹೇಗೆ ಕೂಡಿಕೊಂಡು ಬರುತ್ತವೋ ಹಾಗೇ ಬರೆದ ಪುಸ್ತಕ ಅದು. ಕಣ್ಣಲ್ಲಿ ಓದಿದರೆ ಎಡವುತ್ತದೆ, ಗಟ್ಟಿಯಾಗಿ ಓದಿದರೆ ಬಿಡಿಸಿಕೊಳ್ಳುತ್ತದೆ. ಅದನ್ನು ಕಷ್ಟ ಎಂದವರು ತಮ್ಮ ಕಿವಿಯ ಅಳತೆಯನ್ನು ಪುಸ್ತಕದ ಅಳತೆ ಎಂದುಕೊಂಡರು. ಪುಸ್ತಕದ ಕೊನೆಗೆ ಪದಕೋಶ ಹಾಕಿ ಎಂದು ದಲಿತ ಲೇಖಕರಿಗೆ ಹೇಳುವ ಸಂಪಾದಕರು ಈಗಲೂ ಇದ್ದಾರೆ. ಅದೂ ಪರಿಶಿಷ್ಟವೇ.

ಇಷ್ಟೆಲ್ಲ ಹೇಳಿದ ಮೇಲೆ ದಲಿತ ಎಂಬ ಪದಕ್ಕೆ ಬರದಿದ್ದರೆ ಅನ್ಯಾಯ. ದಲ್ ಎಂದರೆ ಒಡೆ, ಸೀಳು. ದ್ವಿದಳ ಧಾನ್ಯದ ದಳವೂ ಅದೇ ಮನೆಯದು. 1948ರ ಪುಸ್ತಕದಲ್ಲಿ ಅಂಬೇಡ್ಕರ್ ಅಸ್ಪೃಶ್ಯರನ್ನು ಒಡೆದುಹೋದ ಬಣಗಳ ಜನ ಎಂದದ್ದಕ್ಕೂ ಇದಕ್ಕೂ ಹೊಂದಿಕೆ ಇದೆ. ಆದರೆ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿ, ಅದೇ ದಶಕದಲ್ಲಿ ನಮ್ಮಲ್ಲಿ ಸಂಘರ್ಷ ಸಮಿತಿ ಕಟ್ಟಿಕೊಂಡ ಮೇಲೆ ಕನ್ನಡದ ಕಿವಿಗೆ ದಲಿತದಲ್ಲಿ ಒಡೆದದ್ದು ಕೇಳಿಸುವುದಿಲ್ಲ. ಒಗ್ಗೂಡಿದ್ದು ಕೇಳಿಸುತ್ತದೆ, ತಮಟೆ ಕೇಳಿಸುತ್ತದೆ. ಹರಿಜನ ಮಬ್ಬಾದದ್ದು ಬಳಸಿದವರ ತಾತ್ಸಾರದಿಂದ, ದಲಿತ ಮಬ್ಬಾದದ್ದು ಹೋರಾಟದಿಂದ. 2018ರಲ್ಲಿ ಕೇಂದ್ರದ ವಾರ್ತಾ ಇಲಾಖೆ ಟೀವಿ ಚಾನೆಲ್ಲುಗಳಿಗೆ ಈ ಪದ ಬಿಟ್ಟು ಪರಿಶಿಷ್ಟ ಜಾತಿ ಎಂದು ಬಳಸಿ ಎಂದು ಸಲಹೆ ಕೊಟ್ಟಿತು. ತಮಟೆ ನಿಲ್ಲಿಸಿ ಪಟ್ಟಿ ಓದಿ ಎಂದ ಹಾಗೆ.

ಆದರೂ ನಮ್ಮ ನಡುವಿನ ಕಿವಿಗಳೂ ಒಂದೇ ಅಲ್ಲ. 1975ರ ಹೊಲೆಮಾದಿಗರ ಹಾಡು ಸಂಕಲನದ ಹೆಸರು ಎರಡು ಸಮುದಾಯಗಳನ್ನು ಒಂದು ದ್ವಂದ್ವಕ್ಕೆ ಹೊಲಿದಿತ್ತು. ಹೊಲೆಯ, ಮಾದಿಗ, ಮೊದಲನೆಯದರ ಕೊನೆ ಅಕ್ಷರ ಬಿದ್ದು ಎರಡನೆಯದಕ್ಕೆ ಅಂಟಿದೆ. ಸಭೆಯಲ್ಲಿ ಆ ಹೆಸರು ಹೇಳಿದಾಗ ಬಲಗೈಯವರಿಗೆ ಒಗ್ಗಟ್ಟು ಕೇಳಿಸಿತು. ಎಡಗೈಯವರಲ್ಲಿ ಕೆಲವರಿಗಾದರೂ ಮೊದಲು ಯಾರು, ಕೊನೆಗೆ ಯಾರು ಅನ್ನುವುದೂ ಕೇಳಿಸಿತು. ದಲಿತ ಪದದೊಳಗೂ ಹೀಗೇ. ಒಳಮೀಸಲಾತಿ ಕೇಳಿದವರನ್ನು ನಾವು ಬಹಳ ವರ್ಷ ‘ದಲಿತ ಪದವನ್ನು ಒಡೆಯಬೇಡಿ’ ಅಂತ ಬಾಯಿ ಮುಚ್ಚಿಸಿದೆವು. ಊರಿನವರು ಊರುಕೇರಿ ಒಂದೇ ಅಂದ ಹಾಗೆ. 2005ರಲ್ಲಿ ಸದಾಶಿವ ಆಯೋಗ ನೇಮಕವಾಗಿ, 2012ರಲ್ಲಿ ವರದಿ ಕೊಟ್ಟು, ಅದು ಕಪಾಟಿನಲ್ಲಿ ಕೂತಿತು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಎಂದ ಮೇಲೆ ಈಗ ಯಾರೂ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.

ಆಂಧ್ರದಲ್ಲಿ 1994ರಲ್ಲಿ ಶುರುವಾದ ಮಾದಿಗ ದಂಡೋರ ಚಳವಳಿಯ ಒಂದು ಸಂಗತಿ ಇದಕ್ಕೆ ಹೊಂದುತ್ತದೆ. ಅದರ ಕಾರ್ಯಕರ್ತರು ತಮ್ಮ ಹೆಸರಿನ ಕೊನೆಗೆ ಮಾದಿಗ ಎಂದು ಸೇರಿಸಿಕೊಂಡರು. ಮುಂದಾಳು ಮಂದ ಕೃಷ್ಣ ಮಾದಿಗ ಎಂದೇ ಹೆಸರಾದರು. ನಮ್ಮ ಭಾಷೆಗಳಲ್ಲಿ ಹೆಸರಿನ ಕೊನೆಯ ತುಂಡಿಗೆ ಕಿವಿ ಪಳಗಿದೆ. ರೆಡ್ಡಿ, ಗೌಡ, ಶಾಸ್ತ್ರಿ, ರಾವ್ ಎಂದ ಕೂಡಲೇ ಕೇಳಿದವನು ಕುರ್ಚಿ ಎಳೆದು ಹಾಕುತ್ತಾನೆ. ಆ ಜಾಗದಲ್ಲಿ, ಅದೇ ದನಿಯಲ್ಲಿ, ಮಾದಿಗ ಎಂಬ ಪದ ಬಂದು ಕೂತಾಗ ಕಚೇರಿಯ ಗುಮಾಸ್ತ ಹೆಸರನ್ನು ಇನ್ನೊಮ್ಮೆ ಹೇಳಿ ಅನ್ನುತ್ತಾನೆ. ಕೇಳಿಸಲಿಲ್ಲ ಅಂತ ಅಲ್ಲ.